ಹಿಂತಿರುಗಿ ಬಂದವನು ಒಬ್ಬನೇ



ಲೂಕನ ಶುಭಸಂದೇಶದ 17ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸುತ್ತಾರೆ. ಹಿಂತಿರುಗಿ ಬಂದು ಕೃತಜ್ಞತೆ ಸಲ್ಲಿಸಿದವನು ಒಬ್ಬನೇ. ಅವನೂ ಹೊರಗಿನವನಾದ ಸಮಾರಿಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಕೇಳಿದ ಯೇಸು, ಅವನ ಆ ಕೃತಜ್ಞತೆಯಲ್ಲೇ ವಿಶ್ವಾಸವನ್ನು ಕಂಡರು.

ನಮ್ಮ ಸಂಘಗಳಲ್ಲೂ ಹೀಗೇ ಅಲ್ವಾ? ಮಗಳ ಫೀಸಿಗೋ ಆಸ್ಪತ್ರೆ ಖರ್ಚಿಗೋ ಸಾಲ ಬೇಕಾದಾಗ ಎಲ್ಲರೂ ಸಭೆಗೆ ಬರ್ತಾರೆ. ಕಷ್ಟ ತೀರಿದ ಮೇಲೆ ಕೆಲವರು ಮುಖ ತೋರಿಸೋದಿಲ್ಲ. ಆ ಹಣ ಅಕ್ಕತಂಗಿಯರು ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ್ದು. ನಾವು ಕಂತು ಕಟ್ಟಿದರೇನೇ ಇನ್ನೊಬ್ಬಳ ಸರದಿ ಬರೋದು. ದೇವರಿಗೆ ವಂದನೆ ಎಂದು ಬಾಯಲ್ಲಿ ಹೇಳಿದರೆ ಸಾಲದು; ತಪ್ಪದೆ ಸಭೆಗೆ ಬರುವುದೂ ಆ ವಂದನೆಯೇ.

ಚರ್ಚಿಸೋಣ: ನಮ್ಮ ಕಷ್ಟಕ್ಕೆ ಆದವರು ಯಾರು? ಅವರಿಗೆ ಕೃತಜ್ಞತೆ ಹೇಳಿದ್ದೇವೆಯೇ?