ಕೈತಪ್ಪು ಯಾರ ತಪ್ಪು?

ಹೊಸ ಮನೆಗೆ ಅತಿಥಿಯಾಗಿ ಹೋದವರ ಪಾಡನ್ನು ನೀವು ನೋಡಿರಬಹುದು. ಗೋಡೆಯ ಮೇಲೆ ಒಂದೇ ಆಕಾರದ ಎಂಟು ಸ್ವಿಚ್ಚುಗಳು ಸಾಲಾಗಿ ಕುಳಿತಿರುತ್ತವೆ. ಫ್ಯಾನು ಬೇಕೆಂದು ಒಂದನ್ನು ಒತ್ತಿದರೆ ಅಂಗಳದ ದೀಪ ಹತ್ತುತ್ತದೆ; ಇನ್ನೊಂದನ್ನು ಒತ್ತಿದರೆ ಉರಿಯುತ್ತಿದ್ದ ದೀಪವೂ ಆರಿ ಕೋಣೆ ಕತ್ತಲಾಗುತ್ತದೆ. ಅತಿಥಿಯು ಸಂಕೋಚದಿಂದ ನಕ್ಕು, “ನಿಮ್ಮ ಮನೆಯ ಸ್ವಿಚ್ಚು ನನಗೆ ರೂಢಿಯಿಲ್ಲ” ಎನ್ನುತ್ತಾನೆ. ಆ ಮನೆಯ ಯಜಮಾನನೇ ಸ್ವಿಚ್ಚುಗಳ ಕೆಳಗೆ ಚೀಟಿ ಅಂಟಿಸಿಕೊಂಡಿರುವುದೂ ಉಂಟು. ಚೀಟಿ ಅಂಟಿಸಬೇಕಾಗಿ ಬಂದಿತೆಂದರೆ, ಹಲಗೆಯನ್ನು ಜೋಡಿಸಿದವನು ಏನನ್ನೋ ಮರೆತಿದ್ದಾನೆ ಎಂದೇ ಅರ್ಥ. ಆದರೂ ನಾಚಿಕೊಳ್ಳುವವನು ಮಾತ್ರ ಅತಿಥಿ!

ಯಂತ್ರಕ್ಕೆ ಒಂದು ಒಡಲಿರುವಂತೆ ಒಂದು ಮುಖವೂ ಇರುತ್ತದೆ. ಒಡಲೊಳಗೆ ತಂತಿ, ಚಕ್ರ, ಲೆಕ್ಕಾಚಾರಗಳು ಅಡಗಿರುತ್ತವೆ. ಮುಖದಲ್ಲಿ ಗುಂಡಿ, ಹಿಡಿ, ದೀಪ, ಅಕ್ಷರ, ಪರದೆಗಳಿರುತ್ತವೆ. ಈ ಮುಖವನ್ನೇ ಇಂದಿನ ತಂತ್ರಜ್ಞರು ‘ಇಂಟರ್‌ಫೇಸ್’ ಎಂದು ಕರೆಯುತ್ತಾರೆ. ಬಹುಪಾಲು ಜನರಿಗೆ ಒಡಲಿನ ಪರಿಚಯವೇ ಆಗುವುದಿಲ್ಲ. ಅವರ ಪಾಲಿಗೆ ಮುಖವೇ ಯಂತ್ರ. ಮುಖವು ಸುಳ್ಳು ಹೇಳಿದರೆ, ಇಲ್ಲವೆ ಹೇಳಬೇಕಾದುದನ್ನು ನುಂಗಿಕೊಂಡರೆ, ಒಡಲು ಎಷ್ಟೇ ಚೆನ್ನಾಗಿದ್ದರೂ ಅನಾಹುತ ತಪ್ಪದು.

ಈ ಮಾತು ಮೊದಲು ಸ್ಪಷ್ಟವಾಗಿ ತಿಳಿದುಬಂದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಬಿ-17 ಎಂಬ ಬಾಂಬರ್ ವಿಮಾನಗಳು ಯುದ್ಧರಂಗದ ಗುಂಡಿನ ಮಳೆಯನ್ನು ದಾಟಿ ಬಂದು, ಸುರಕ್ಷಿತವಾಗಿ ನೆಲವನ್ನು ಮುಟ್ಟಿದ ಮೇಲೆ, ಓಡುದಾರಿಯಲ್ಲಿ ಹೊಟ್ಟೆಯಡಿಯಾಗಿ ಕುಸಿಯುತ್ತಿದ್ದವು. ಕಾರಣ ವಿಚಿತ್ರವಾಗಿದ್ದಿತು. ಇಳಿದಾದ ಮೇಲೆ ಪೈಲಟನು ರೆಕ್ಕೆಯ ಹಿಂಬದಿಯ ಹಲಗೆಗಳನ್ನು, ಎಂದರೆ ಫ್ಲ್ಯಾಪುಗಳನ್ನು, ಮೇಲೆತ್ತಬೇಕು. ಅವನು ಅದಕ್ಕೆ ಬದಲಾಗಿ ವಿಮಾನದ ಚಕ್ರಗಳನ್ನೇ ಮೇಲೆತ್ತಿಬಿಡುತ್ತಿದ್ದನು. ನಿಂತ ಕಾಲನ್ನೇ ಮಡಚಿಕೊಂಡ ಆನೆಯಂತೆ ವಿಮಾನ ನೆಲಕ್ಕೆ ಕೂರುತ್ತಿದ್ದಿತು. ಮೇಲಧಿಕಾರಿಗಳು ಇದನ್ನು ‘ಪೈಲಟನ ತಪ್ಪು’ ಎಂದು ಬರೆದು ಕಡತವನ್ನು ಮುಚ್ಚುತ್ತಿದ್ದರು.

ಆಲ್ಫಾನ್ಸ್ ಚಪಾನಿಸ್ ಎಂಬ ತರುಣ ಮನಶ್ಶಾಸ್ತ್ರಜ್ಞನಿಗೆ ಈ ಉತ್ತರ ಸಾಲದಾಯಿತು. ಒಬ್ಬನು ತಪ್ಪಿದರೆ ಅಜಾಗರೂಕತೆ ಎನ್ನಬಹುದು. ಹಲವರು ಅದೇ ತಪ್ಪನ್ನು ಅದೇ ಜಾಗದಲ್ಲಿ ಮಾಡುತ್ತಿದ್ದರೆ? ಸಿ-47 ಎಂಬ ಸಾಗಣೆಯ ವಿಮಾನವನ್ನು ಹಾರಿಸುವವರು ಈ ತಪ್ಪನ್ನು ಮಾಡುತ್ತಿರಲಿಲ್ಲ. ಅವರೇನು ಹೆಚ್ಚು ಬುದ್ಧಿವಂತರೇ? ಚಪಾನಿಸನು ಬಿ-17ರ ಚಾಲಕನ ಕೋಣೆಯನ್ನು ಪರೀಕ್ಷಿಸಿದನು. ಚಕ್ರದ ಸ್ವಿಚ್ಚೂ ಫ್ಲ್ಯಾಪಿನ ಸ್ವಿಚ್ಚೂ ಒಂದರ ಪಕ್ಕದಲ್ಲಿ ಒಂದು, ಅವಳಿ ಮಕ್ಕಳಂತೆ ಒಂದೇ ರೂಪದಲ್ಲಿದ್ದವು. ದಣಿದ ಮನುಷ್ಯನೊಬ್ಬನು ಕತ್ತಲಲ್ಲಿ ಕೈಚಾಚಿದರೆ ಏನಾಗುತ್ತದೆಂಬುದನ್ನು ಊಹಿಸಲು ಮನಶ್ಶಾಸ್ತ್ರವೇ ಬೇಕಿಲ್ಲ. ಅವನು ಸೂಚಿಸಿದ ಪರಿಹಾರವೂ ಅಷ್ಟೇ ಸರಳವಾದುದು. ಚಕ್ರದ ಹಿಡಿಗೆ ರಬ್ಬರಿನ ಪುಟ್ಟ ಗಾಲಿಯೊಂದನ್ನೂ ಫ್ಲ್ಯಾಪಿನ ಹಿಡಿಗೆ ಹಲಗೆಯಾಕಾರದ ತುಂಡೊಂದನ್ನೂ ಜೋಡಿಸಲಾಯಿತು. ಕಣ್ಣು ನೋಡದಿದ್ದರೂ ಬೆರಳು ಗುರುತಿಸತೊಡಗಿತು. ಇಂದಿಗೂ ಪ್ರಯಾಣಿಕರ ದೊಡ್ಡ ವಿಮಾನಗಳಲ್ಲಿ ಚಕ್ರದ ಹಿಡಿಯ ತುದಿ ಗಾಲಿಯ ಆಕಾರದಲ್ಲಿಯೇ ಇರುತ್ತದೆ.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಫಿಟ್ಸ್ ಮತ್ತು ಜೋನ್ಸ್ ಎಂಬ ಇಬ್ಬರು ಸಂಶೋಧಕರು ‘ಪೈಲಟನ ತಪ್ಪು’ ಎನಿಸಿಕೊಂಡಿದ್ದ 460 ಪ್ರಸಂಗಗಳನ್ನು ಕಲೆಹಾಕಿ ವಿಶ್ಲೇಷಿಸಿದರು. ಒಂದು ಹಿಡಿಯನ್ನು ಇನ್ನೊಂದೆಂದು ಭ್ರಮಿಸಿದ ಪ್ರಸಂಗಗಳೇ ಅವುಗಳಲ್ಲಿ ಪದೇಪದೇ ಕಂಡುಬಂದವು.

ಕಾಗದಕ್ಕೂ ಇಂತಹ ಮುಖವುಂಟು. 2000ನೆಯ ಇಸವಿಯ ನವೆಂಬರ್ 7ರಂದು ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ನಡೆಯಿತು. ಫ್ಲಾರಿಡಾ ರಾಜ್ಯದ ಪಾಮ್ ಬೀಚ್ ಕೌಂಟಿಯಲ್ಲಿ ವೃದ್ಧ ಮತದಾರರು ಹೆಚ್ಚು. ಅವರಿಗೆ ಓದಲು ಅನುಕೂಲವಾಗಲೆಂದು ಅಲ್ಲಿಯ ಅಧಿಕಾರಿಗಳು ಅಕ್ಷರಗಳನ್ನು ದೊಡ್ಡದು ಮಾಡಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಹೆಸರುಗಳು ಒಂದೇ ಪುಟದಲ್ಲಿ ಹಿಡಿಸದೆ, ಚಿಟ್ಟೆಯ ರೆಕ್ಕೆಗಳಂತೆ ಎಡಬಲಗಳ ಎರಡು ಪುಟಗಳಲ್ಲಿ ಹರಡಿಕೊಂಡವು. ಮತ ಹಾಕಲು ಚುಚ್ಚಬೇಕಾದ ರಂಧ್ರಗಳು ನಡುವೆ ಒಂದೇ ಸಾಲಿನಲ್ಲಿದ್ದವು. ಎಡಪುಟದ ಮೊದಲ ಹೆಸರು ಬುಷ್, ಎರಡನೆಯದು ಗೋರ್. ಗೋರ್ ಅವರಿಗೆ ಮತ ಹಾಕಬೇಕೆಂದವನು ಸಹಜವಾಗಿ ಎರಡನೆಯ ರಂಧ್ರವನ್ನು ಚುಚ್ಚುತ್ತಾನೆ. ಆದರೆ ಎರಡನೆಯ ರಂಧ್ರ ಬಲಪುಟದ ಮೊದಲ ಹೆಸರಾದ ಬ್ಯುಕ್ಯಾನನ್ ಅವರದು. ಗೋರ್ ಅವರದು ಮೂರನೆಯದು! ತಪ್ಪನ್ನು ಅರಿತ ಕೆಲವರು ಎರಡನ್ನೂ ಚುಚ್ಚಿದರು. ಹೀಗೆ ಒಂದಕ್ಕಿಂತ ಹೆಚ್ಚು ರಂಧ್ರ ಬಿದ್ದು ಆ ಒಂದು ಕೌಂಟಿಯಲ್ಲಿ ತಿರಸ್ಕೃತವಾದ ಮತಪತ್ರಗಳು 19 ಸಾವಿರಕ್ಕೂ ಹೆಚ್ಚು. ಇಡೀ ಫ್ಲಾರಿಡಾದಲ್ಲಿ, ಆ ಮೂಲಕ ಇಡೀ ದೇಶದಲ್ಲಿ, ಗೆಲುವನ್ನು ನಿರ್ಧರಿಸಿದ ಅಂತರವಾದರೋ ಕೇವಲ 537 ಮತಗಳು.

ಇದರ ಪಕ್ಕದಲ್ಲಿ ನಮ್ಮ ದೇಶದ ಮತಯಂತ್ರವನ್ನು ಇಟ್ಟು ನೋಡಬೇಕು. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಕೆಗೆ ಬಂದ ಈ ಯಂತ್ರಗಳನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ನೂ ತಯಾರಿಸುತ್ತವೆ. ಅಕ್ಷರ ಬಾರದ ಮುದುಕಿಯೂ ಅದರ ಮುಂದೆ ನಿಲ್ಲುತ್ತಾಳೆ ಎಂಬುದು ಅದನ್ನು ರೂಪಿಸಿದವರ ಮನಸ್ಸಿನಲ್ಲಿದ್ದಿತು. ಹೆಸರು, ಚಿಹ್ನೆ, ನೀಲಿ ಗುಂಡಿ ಮೂರೂ ಒಂದೇ ಸಾಲಿನಲ್ಲಿ, ಸಾಲಿಗೊಂದೇ ಗುಂಡಿ. ಅಭ್ಯರ್ಥಿಯಿಲ್ಲದ ಗುಂಡಿಗಳನ್ನು ಮುಚ್ಚಿಬಿಡುತ್ತಾರೆ. ಒತ್ತಿದೊಡನೆ ಆ ಸಾಲಿನಲ್ಲಿಯೇ ಕೆಂಪು ದೀಪ ಬೆಳಗುತ್ತದೆ, ‘ಬೀಪ್’ ಎಂಬ ಸದ್ದು ಕೇಳುತ್ತದೆ. ಈಚಿನ ವರ್ಷಗಳಲ್ಲಿ ಪಕ್ಕದ ಪೆಟ್ಟಿಗೆಯ ಗಾಜಿನ ಹಿಂದೆ ಚೀಟಿಯೊಂದು 7 ಸೆಕೆಂಡುಗಳ ಕಾಲ ಕಾಣಿಸಿಕೊಳ್ಳುತ್ತದೆ. ಮತಯಂತ್ರವನ್ನು ಕುರಿತು ಬೇರೆ ಚರ್ಚೆಗಳು ಎಷ್ಟೇ ಇರಲಿ, ಅದರ ಮುಖವು ಮತದಾರನನ್ನು ಗೊಂದಲಗೊಳಿಸುವುದಿಲ್ಲ ಎಂಬುದನ್ನು ಒಪ್ಪಲೇಬೇಕು.

ಆ ಕೆಂಪು ದೀಪ ಅಲ್ಪವಾದ ಸಂಗತಿಯಲ್ಲ. ದೀಪವೊಂದು ತಪ್ಪಾಗಿ ಹೇಳಿದುದರ ಫಲವನ್ನು 1979ರ ಮಾರ್ಚ್ 28ರ ನಸುಕಿನಲ್ಲಿ ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಸ್ಥಾವರವು ಉಂಡಿತು. ಒತ್ತಡವನ್ನು ಇಳಿಸುವ ಕವಾಟವೊಂದು ತೆರೆದು, ಮತ್ತೆ ಮುಚ್ಚಿಕೊಳ್ಳದೆ ಸಿಕ್ಕಿಕೊಂಡಿತು. ನಿಯಂತ್ರಣ ಕೋಣೆಯ ದೀಪ ಮಾತ್ರ ಆರಿತು. ಆ ದೀಪ ಹೇಳುತ್ತಿದ್ದುದು ‘ಮುಚ್ಚು ಎಂಬ ಆಜ್ಞೆ ಹೋಗಿದೆ’ ಎಂಬುದನ್ನಷ್ಟೆ. ‘ಕವಾಟ ಮುಚ್ಚಿದೆ’ ಎಂಬುದನ್ನಲ್ಲ. ಮನೆಯ ಆಳಿಗೆ “ಬಾಗಿಲು ಹಾಕು” ಎಂದು ಕೂಗಿ, ಹಾಕಿದನೋ ಇಲ್ಲವೋ ನೋಡದೆ ಮಲಗಿದಂತಾಯಿತು. ಮೊದಲ ಕೆಲವು ನಿಮಿಷಗಳಲ್ಲಿಯೇ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಒಟ್ಟಿಗೆ ಕೂಗಿಕೊಂಡುದರಿಂದ ಯಾವುದನ್ನು ಕೇಳಬೇಕೆಂದು ತಿಳಿಯದಾಯಿತು. ಎರಡು ಗಂಟೆಗೂ ಮಿಕ್ಕಿ ತಂಪುನೀರು ಸೋರಿಹೋಯಿತು; ರಿಯಾಕ್ಟರಿನ ಒಡಲಿನ ಸುಮಾರು ಅರ್ಧಭಾಗ ಕರಗಿತು.

ಇಂದು ಗುಂಡಿ ದೀಪಗಳೆಲ್ಲ ಕರಗಿ ಗಾಜಿನ ಪರದೆಯಾಗಿವೆ. ತಪ್ಪುಗಳು ಮಾತ್ರ ಹಳೆಯವೇ. 2018ರ ಜನವರಿ 13ರ ಬೆಳಗ್ಗೆ 8 ಗಂಟೆ 7 ನಿಮಿಷಕ್ಕೆ ಹವಾಯಿ ದ್ವೀಪಗಳ ಜನರ ಫೋನುಗಳಿಗೆ ಕ್ಷಿಪಣಿ ಬರುತ್ತಿದೆಯೆಂಬ ಸುಳ್ಳು ಎಚ್ಚರಿಕೆ ತಲುಪಿತು. ಅದನ್ನು ಕಳುಹಿಸಿದ ನೌಕರನು ಅಭ್ಯಾಸದ ಕರೆಯನ್ನು ನಿಜವೆಂದು ನಂಬಿದ್ದನೆಂದು ವಿಚಾರಣೆಯಲ್ಲಿ ತಿಳಿಯಿತು. ಅಲ್ಲಿಗೆ ತಪ್ಪು ಅವನದೇ ಸರಿ. ಆದರೆ ಅಭ್ಯಾಸದ ಸಂದೇಶವಾಗಲಿ ನಿಜದ ಸಂದೇಶವಾಗಲಿ, “ಕಳುಹಿಸುವುದು ಖಚಿತವೇ?” ಎಂದು ಕಂಪ್ಯೂಟರು ಒಂದೇ ಮಾತಿನಲ್ಲಿ ಕೇಳುತ್ತಿದ್ದಿತು. ತಪ್ಪನ್ನು ತಿದ್ದುವ ಸಂದೇಶವಂತೂ ಸಿದ್ಧವಾಗಿರಲೇ ಇಲ್ಲ. ಅದು ಜನರನ್ನು ತಲುಪಲು 38 ನಿಮಿಷ ಹಿಡಿಯಿತು. ಮಕ್ಕಳನ್ನು ಅಪ್ಪಿಕೊಂಡು ಮೂಲೆಯಲ್ಲಿ ಕುಳಿತವರಿಗೆ ಅದು ಎಷ್ಟು ದೀರ್ಘವಾಗಿದ್ದಿತೋ!

ನನಗೂ ಒಮ್ಮೆ, ಪ್ರಯಾಣದ ಟಿಕೆಟನ್ನು ಬೇಡವೆನ್ನಲು ಹೊರಟಾಗ, ಫೋನಿನ ಪರದೆ “ರದ್ದು ಮಾಡಬೇಕೆ?” ಎಂದು ಕೇಳಿ, ಕೆಳಗೆ ‘ರದ್ದು’, ‘ಸರಿ’ ಎಂಬ ಎರಡು ಗುಂಡಿಗಳನ್ನು ತೋರಿಸಿತು. ‘ರದ್ದು’ ಎಂದರೆ ಟಿಕೆಟು ರದ್ದೋ, ರದ್ದು ಮಾಡುವುದೇ ರದ್ದೋ? ಮೂವತ್ತು ವರ್ಷ ವ್ಯಾಕರಣ ಹೇಳಿಕೊಟ್ಟ ನಾನು ತಲೆ ಕೆರೆದುಕೊಂಡು ನಿಂತೆನು.

ಆಗ ನೆನಪಾದುದು ಬಹಳ ಹಿಂದಿನ ಒಂದು ಪ್ರಸಂಗ. ನಾನು ಹತ್ತನೆಯ ತರಗತಿಯ ಅಧ್ಯಾಪಕನಾಗಿದ್ದೆನು. ಪರೀಕ್ಷೆಯ ಅರ್ಜಿಗಳನ್ನು ತುಂಬಿಸುವ ಹೊಣೆ ನನ್ನದಾಗಿದ್ದಿತು. ಆ ಅರ್ಜಿಯಲ್ಲಿ ‘ವಿದ್ಯಾರ್ಥಿಯ ಹೆಸರು’, ‘ತಂದೆಯ ಹೆಸರು’ ಎಂಬ ಮಾತುಗಳನ್ನು ಚೌಕಗಳ ಎರಡು ಸಾಲುಗಳ ನಡುವೆ ಅಚ್ಚುಮಾಡಿದ್ದರು. ಮಾತು ಮೇಲಿನ ಸಾಲಿಗೆ ಸೇರಿದುದೋ ಕೆಳಗಿನದಕ್ಕೋ ಎಂಬುದಕ್ಕೆ ಗುರುತೇ ಇರಲಿಲ್ಲ. ಹನ್ನೊಂದು ಮಂದಿ ತಮ್ಮ ಹೆಸರಿನ ಜಾಗದಲ್ಲಿ ತಂದೆಯ ಹೆಸರನ್ನು ಬರೆದರು. “ಸ್ವಂತ ಹೆಸರು ಬರೆಯಲೂ ಬಾರದವರು ಪರೀಕ್ಷೆಯಲ್ಲಿ ಏನು ಬರೆಯುತ್ತೀರಿ?” ಎಂದು ಗದರಿಸಿ ಅವರನ್ನು ಮಧ್ಯಾಹ್ನದವರೆಗೆ ಜಗುಲಿಯಲ್ಲಿ ನಿಲ್ಲಿಸಿದೆನು. ಅವರಲ್ಲಿ ತರಗತಿಗೆ ಮೊದಲಿಗನಾಗಿದ್ದ ಹುಡುಗನೂ ಇದ್ದನು. ಅದು ನನ್ನನ್ನು ಯೋಚನೆಗೆ ಹಚ್ಚಬೇಕಾಗಿದ್ದಿತು, ಹಚ್ಚಲಿಲ್ಲ.

ಆ ಬೇಸಗೆಯಲ್ಲಿ ನನ್ನ ವರ್ಗಾವಣೆಯ ಅರ್ಜಿಯನ್ನು ತುಂಬಬೇಕಾಯಿತು. ಅಚ್ಚಿನ ರೀತಿ ಅದೇ. ತುಂಬಿ ಮುಗಿಸಿ ನೋಡಿದರೆ, ನನ್ನ ಹೆಸರಿರಬೇಕಾದ ಸಾಲಿನಲ್ಲಿ ತೀರಿಕೊಂಡ ನನ್ನ ತಂದೆಯವರ ಹೆಸರು ದುಂಡಾದ ಅಕ್ಷರಗಳಲ್ಲಿ ಕುಳಿತಿದ್ದಿತು.

ಮರುವರ್ಷ ಪರೀಕ್ಷೆಯ ಅರ್ಜಿಗಳು ಬಂದಾಗ, ಹಂಚುವ ಮೊದಲು ಸ್ಕೇಲು ಹಿಡಿದು ಪ್ರತಿಯೊಂದರಲ್ಲಿಯೂ ಎರಡು ಸಾಲುಗಳ ನಡುವೆ ಪೆನ್ಸಿಲಿನಿಂದ ಗೆರೆ ಎಳೆದೆನು. ನಲವತ್ತು ಅರ್ಜಿಗಳಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಆ ಸಲ ಒಬ್ಬರೂ ತಪ್ಪಲಿಲ್ಲ. ಹಿಂದಿನ ವರ್ಷ ಜಗುಲಿಯಲ್ಲಿ ನಿಂತವರಿಗೆ ಈ ಮಾತನ್ನು ಹೇಳೋಣವೆಂದರೆ, ಅವರು ಅಷ್ಟರಲ್ಲಿ ಶಾಲೆ ಬಿಟ್ಟು ಹೋಗಿದ್ದರು.