ಯಂತ್ರ ಬರೆದ ಪ್ರೋಗ್ರಾಮನ್ನು ಒರೆಹಚ್ಚುವ ಬಗೆ

ಕೃತಕ ಬುದ್ಧಿಮತ್ತೆಯ ಸಹಾಯಕಗಳಿಗೆ ನಮ್ಮ ಅಗತ್ಯವನ್ನು ಮಾತಿನಲ್ಲಿ ತಿಳಿಸಿದರೆ ಸಾಕು; ಅವು ಕ್ಷಣಮಾತ್ರದಲ್ಲಿ ಪ್ರೋಗ್ರಾಮನ್ನು ಬರೆದುಕೊಡುತ್ತವೆ. ಆ ಪ್ರೋಗ್ರಾಂ ತಡೆಯಿಲ್ಲದೆ ನಡೆದ ಮಾತ್ರಕ್ಕೆ ಅದು ಸರಿಯಾಗಿದೆಯೆಂದು ಹೇಳಬಹುದೇ?

ಮೊದಲು ಈ ಸಹಾಯಕಗಳು ಕೆಲಸ ಮಾಡುವ ಕ್ರಮವನ್ನು ನೋಡೋಣ. ಮಾನವರು ಹಿಂದೆ ಬರೆದಿಟ್ಟ ಅಸಂಖ್ಯಾತ ಪ್ರೋಗ್ರಾಮುಗಳಿಂದ ಅವು ಕಲಿತಿವೆ. ಬರೆದುದರ ಮುಂದೆ ಏನು ಬರುವ ಸಂಭವ ಹೆಚ್ಚೆಂಬುದನ್ನು ಎಣಿಸಿ ಬರೆಯುತ್ತವೆ. ಆದುದರಿಂದ ಅವುಗಳ ಉತ್ತರವು ಸಂಭವನೀಯವಾದುದೇ ಹೊರತು ಸಾಧಿಸಿ ತೋರಿಸಿದುದಲ್ಲ. ಮಾನವರ ಬರಹದಲ್ಲಿ ಅಡಗಿದ್ದ ತಪ್ಪುಗಳೂ ಅದರೊಡನೆ ಬರಬಹುದು.

ಅಂತಹ ತಪ್ಪು ಎಷ್ಟು ಸೂಕ್ಷ್ಮವಾಗಿರಬಲ್ಲುದೆಂಬುದಕ್ಕೆ ಒಂದು ಉದಾಹರಣೆ. ನಿಘಂಟಿನಲ್ಲಿ ಪದವನ್ನು ಹುಡುಕುವಾಗ ನಡುವೆ ತೆರೆದು, ಬೇಕಾದ ಅರ್ಧವನ್ನು ಉಳಿಸಿಕೊಂಡು, ಪುನಃ ಅದರ ನಡುವನ್ನು ನೋಡುತ್ತೇವಷ್ಟೆ. ಕಂಪ್ಯೂಟರೂ ಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲಿ ಹೀಗೆ ಹುಡುಕಬಲ್ಲುದು. ನಡುವನ್ನು ತಿಳಿಯಲು ಮೊದಲ ಮತ್ತು ಕೊನೆಯ ಸ್ಥಾನಗಳನ್ನು ಕೂಡಿ ಎರಡರಿಂದ ಭಾಗಿಸಿದರಾಯಿತೆಂದು ತೋರುತ್ತದೆ. ಆದರೆ ಜಾವಾ ಭಾಷೆಯ ಸಾಮಾನ್ಯ ಪೂರ್ಣಾಂಕವು ೨೧೪ ಕೋಟಿ ೭೪ ಲಕ್ಷ ೮೩ ಸಾವಿರದ ೬೪೭ನ್ನು ಮೀರಲಾರದು. ಸ್ಥಾನಗಳು ೧೫೦ ಕೋಟಿ ಮತ್ತು ೨೦೦ ಕೋಟಿ ಎಂದಿಟ್ಟುಕೊಳ್ಳಿ. ಮೊತ್ತವು ಮಿತಿಯನ್ನು ದಾಟಿ ಋಣಸಂಖ್ಯೆಯಾಗಿಬಿಡುತ್ತದೆ! ಮೊದಲ ಸ್ಥಾನಕ್ಕೆ ಅಂತರದ ಅರ್ಧವನ್ನು ಕೂಡಿದರೆ, ೧೫೦ + ೨೫ = ೧೭೫ ಕೋಟಿ ಎಂಬ ಸರಿಯುತ್ತರ ದೊರೆಯುತ್ತದೆ. ಜಾವಾದೊಡನೆ ಒದಗಿಸಿದ ಸಿದ್ಧ ಪ್ರೋಗ್ರಾಮಿನಲ್ಲಿಯೇ ಈ ದೋಷವು ಸುಮಾರು ಒಂಬತ್ತು ವರ್ಷ ಅಡಗಿದ್ದಿತು. ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ ೨೦೦೬ರಲ್ಲಿ ಇದನ್ನು ಪ್ರಕಟಪಡಿಸಿದರು.

ಹತ್ತು ಹೆಸರುಗಳ ಪಟ್ಟಿಯಿಂದ ಪರೀಕ್ಷಿಸಿದ್ದರೆ ಈ ದೋಷ ಎಂದಿಗೂ ಕಾಣುತ್ತಿರಲಿಲ್ಲ. ಆದುದರಿಂದ ಕೆಲವು ನಿಯಮಗಳನ್ನು ಪಾಲಿಸುವುದು ಲೇಸು. ಪ್ರೋಗ್ರಾಮನ್ನು ಕೇಳುವ ಮೊದಲೇ ಯಾವ ಪ್ರಶ್ನೆಗೆ ಯಾವ ಉತ್ತರ ಬರಬೇಕೆಂದು ಬರೆದಿಟ್ಟುಕೊಳ್ಳಬೇಕು. ಬರಿದಾದ ಪಟ್ಟಿ, ಒಂದೇ ಅಂಶದ ಪಟ್ಟಿ, ಅತಿ ದೊಡ್ಡ ಪಟ್ಟಿ ಮುಂತಾದ ಎಲ್ಲೆಯ ಸಂದರ್ಭಗಳನ್ನು ಮರೆಯಬಾರದು. ಪ್ರೋಗ್ರಾಮನ್ನು ಬರೆದ ಸಹಾಯಕಕ್ಕೇ ಪರೀಕ್ಷೆಯನ್ನೂ ಒಪ್ಪಿಸಿದರೆ, ಒಂದೇ ತಪ್ಪು ತಿಳಿವಳಿಕೆ ಎರಡರಲ್ಲಿಯೂ ನುಸುಳಬಹುದು. ಒಮ್ಮೆಗೆ ಚಿಕ್ಕ ಭಾಗವನ್ನು ಮಾತ್ರ ಬರೆಸಿ, ಪ್ರತಿಯೊಂದು ಸಾಲನ್ನೂ ಓದಬೇಕು. ತನಗೆ ವಿವರಿಸಲು ಬಾರದ ಸಾಲನ್ನು ಸ್ವೀಕರಿಸಕೂಡದು. ಏಕೆಂದರೆ ಅದು ಕೆಟ್ಟಾಗ ಸರಿಪಡಿಸುವುದೂ ಸಾಧ್ಯವಾಗದು.

ಅಭ್ಯಾಸ: ಕೊಟ್ಟ ವರ್ಷವು ಅಧಿಕ ವರ್ಷವೇ ಎಂದು ತಿಳಿಸುವ ಪ್ರೋಗ್ರಾಮನ್ನು ಸಹಾಯಕದಿಂದ ಬರೆಸಿರಿ. ಅದಕ್ಕೆ ಮುಂಚೆ ೧೯೦೦, ೨೦೦೦, ೨೦೨೪, ೨೧೦೦ ಇವುಗಳಿಗೆ ಸರಿಯಾದ ಉತ್ತರವೇನೆಂದು ನೀವೇ ಲೆಕ್ಕ ಹಾಕಿ, ಕಾರಣಸಹಿತವಾಗಿ ಬರೆದಿಡಿ.