ಹರಳಿನ ಕೆಲಸದಲ್ಲಿ ಹೆಸರು: ಎಳೆಯ ರಸಾಯನ ವಿಜ್ಞಾನಿಗೆ ಯಶಸ್ಸಿನ ಸೂತ್ರಗಳು

ನಮ್ಮ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಬಿ.ಎಸ್ಸಿ. ಮುಗಿಸಿ, ರಸಾಯನಶಾಸ್ತ್ರ ಓದಲು ಧಾರವಾಡಕ್ಕೋ ಕಲಬುರಗಿಗೋ ಬಸ್ಸು ಹತ್ತುವ ಹುಡುಗ ಹುಡುಗಿಯರಿಗೆ ಈ ಮಾತು. ಅವರಲ್ಲಿ ಪಿಎಚ್.ಡಿ.ಗೆ ನಿಂತವರ ಕಿವಿಗೆ ಮೊದಲ ವರ್ಷವೇ ಎರಡು ಪ್ರಶ್ನೆ ಬೀಳುತ್ತವೆ: ಎಷ್ಟು ಪೇಪರ್? ಎಷ್ಟು ಸೈಟೇಶನ್? ಈ ಪ್ರಶ್ನೆಗಳಿಗೆ ತಲೆಯೆತ್ತಿ ಉತ್ತರಿಸಬಹುದಾದ ಕ್ಷೇತ್ರಗಳಲ್ಲಿ ಒಂದು ಹರಳಿನ ರಚನೆ, ಅಂದರೆ ಎಕ್ಸ್‌ರೇ ಹಾಯಿಸಿ ಹರಳಿನೊಳಗೆ ಯಾವ ಪರಮಾಣು ಎಲ್ಲಿದೆ ಎಂದು ಕಂಡುಹಿಡಿಯುವ ವಿದ್ಯೆ. ಕರ್ನಾಟಕದಲ್ಲಿ ಇದಕ್ಕೆ ಗಟ್ಟಿಯಾದ ಪರಂಪರೆಯಿದೆ. ಆ ಪರಂಪರೆಯನ್ನು ನೋಡಿ ಬರೆದ ಸೂತ್ರಗಳಿವು.

1. ಪಟ್ಟಿ ಏನನ್ನು ಎಣಿಸುತ್ತದೆ ಎಂದು ಮೊದಲು ತಿಳಿಯಿರಿ.
‘ಜಗತ್ತಿನ ಶೇ. 2 ವಿಜ್ಞಾನಿಗಳಲ್ಲಿ ನಮ್ಮವರು’ ಎಂಬ ಸುದ್ದಿ ವರ್ಷಕ್ಕೊಮ್ಮೆ ಪತ್ರಿಕೆಗಳಲ್ಲಿ ಬರುತ್ತದೆ. ಅದು ಸ್ಟ್ಯಾನ್‌ಫರ್ಡ್‌ನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು 2019ರಲ್ಲಿ ಆರಂಭಿಸಿದ ಪಟ್ಟಿ. ಇಡೀ ವೃತ್ತಿಜೀವನದ್ದು ಒಂದು, ಒಂದೇ ವರ್ಷದ್ದು ಇನ್ನೊಂದು. ಸುದ್ದಿ ಓದುವಾಗ ಯಾವುದೆಂದು ನೋಡಿಕೊಳ್ಳಿ. ನೀವು ಎಷ್ಟು ಪ್ರಬಂಧ ಬರೆದಿರಿ ಎಂಬುದಕ್ಕೆ ಅಲ್ಲಿ ಅಂಕವೇ ಇಲ್ಲ. ಆರು ಅಳತೆಗಳಿವೆ, ಆರೂ ಉಲ್ಲೇಖಗಳ ಮೇಲೆ ನಿಂತಿವೆ. ಮೂರು ಅಳತೆಗಳು ನೀವು ಒಬ್ಬರೇ ಬರೆದಿರೋ, ಮೊದಲ ಹೆಸರು ನಿಮ್ಮದೋ, ಕೊನೆಯದೋ ಎಂದು ಕೇಳುತ್ತವೆ. ಇನ್ನೊಂದು, ಸಹಲೇಖಕರು ಹೆಚ್ಚಾದಷ್ಟೂ ನಿಮ್ಮ ಪಾಲನ್ನು ಕಡಿಮೆ ಮಾಡುತ್ತದೆ. ನಿಮ್ಮನ್ನು ನೀವೇ ಉಲ್ಲೇಖಿಸಿಕೊಂಡದ್ದನ್ನು ಕಳೆದು ತೋರಿಸುವ ಲೆಕ್ಕವೂ ಇದೆ.

ಹರಳಿನ ಪ್ರಬಂಧದಲ್ಲಿ ಐದಾರು ಹೆಸರಿರುವುದು ಸಹಜ. ಸಂಯುಕ್ತ ತಯಾರಿಸಿದವರು, ಹರಳು ಬೆಳೆಸಿದವರು, ಅಳತೆ ತೆಗೆದವರು, ರಚನೆ ಬಿಡಿಸಿದವರು ಎಲ್ಲರೂ ಬೇಕು. ಆದ್ದರಿಂದ ಮೊದಲ ಹೆಸರು ಯಾರದ್ದೆಂಬ ಮಾತು ಕೆಲಸ ಶುರುವಾಗುವ ಮುಂಚೆಯೇ ಆಗಿರಲಿ.

2. ಹರಳು ಬೆಳೆಸುವ ಕೈ ಪಳಗಿಸಿ.
ಈ ಕ್ಷೇತ್ರದಲ್ಲಿ ಅರ್ಧ ಗೆಲುವು ಇಲ್ಲೇ ಇದೆ. ದುಬಾರಿ ಯಂತ್ರ ಎಲ್ಲೋ ಸಿಕ್ಕೀತು, ಬಿರುಕಿಲ್ಲದ, 0.2 ಮಿಲಿಮೀಟರಿನ ಒಂದು ಒಳ್ಳೆಯ ಹರಳನ್ನು ನೀವೇ ಬೆಳೆಸಬೇಕು. ಇದರ ಮೂಲಪಾಠಗಳು ನಿಮ್ಮೂರಲ್ಲೇ ಇವೆ.

ಇಂಡಿಯ ಲಿಂಬೆಗೆ ಈಗ ಭೌಗೋಳಿಕ ಗುರುತು ಸಿಕ್ಕಿದೆ. ಅದರ ಹುಳಿಯ ಮೂಲ ಸಿಟ್ರಿಕ್ ಆಮ್ಲ. ಸ್ವೀಡನ್ನಿನ ಕಾರ್ಲ್ ಶೀಲೆ 1784ರಲ್ಲಿ ಅದನ್ನು ಮೊದಲ ಬಾರಿಗೆ ಹರಳಾಗಿಸಿದ. ರಸವನ್ನು ಸುಮ್ಮನೆ ಬತ್ತಿಸಿದರೆ ಕಲ್ಮಶಗಳು ಹರಳಾಗಲು ಬಿಡುವುದಿಲ್ಲ. ಆತ ರಸಕ್ಕೆ ಸೀಮೆಸುಣ್ಣ ಹಾಕಿ ಕ್ಯಾಲ್ಸಿಯಂ ಸಿಟ್ರೇಟನ್ನು ತಳಕ್ಕಿಳಿಸಿದ, ಅದನ್ನು ಗಂಧಕಾಮ್ಲದಿಂದ ಬಿಡಿಸಿ ಶುದ್ಧ ಆಮ್ಲ ಪಡೆದ. ಮೊದಲು ಶುದ್ಧಿ, ಆಮೇಲೆ ಹರಳು. ಅದೇ ಆಮ್ಲ ಬಿಸಿ ನೀರಿನಿಂದ ಹೊರಬಿದ್ದರೆ ನೀರಿಲ್ಲದ ಹರಳು. ತಣ್ಣನೆಯ ನೀರಿನಿಂದ ಹೊರಬಿದ್ದರೆ ಪ್ರತಿ ಅಣುವಿನ ಜೊತೆ ಒಂದು ನೀರಿನ ಅಣು ಕಟ್ಟಿಕೊಂಡ ಬೇರೆಯೇ ಹರಳು. ಒಂದೇ ವಸ್ತು, ಎರಡು ರಚನೆ. ಔಷಧ ಕಂಪನಿಗಳು ಕೋಟಿಗಟ್ಟಲೆ ಸುರಿದು ಹುಡುಕುವುದು ಇಂಥ ವ್ಯತ್ಯಾಸಗಳನ್ನೇ.

ಇನ್ನು ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳು. ಅಲ್ಲಿ ಪ್ಯಾನ್ ನಡೆಸುವವರನ್ನು ಕೇಳಿ ನೋಡಿ: ಪಾಕ ಎಷ್ಟು ಗಟ್ಟಿಯಾದಾಗ ಬೀಜದ ಹರಳು ಬಿಡಬೇಕು, ಆತುರಪಟ್ಟು ಹೆಚ್ಚು ಗಟ್ಟಿಯಾಗಿಸಿದರೆ ಬೇಡದ ಸಣ್ಣ ಕಾಳು ಹೇಗೆ ಹುಟ್ಟಿಕೊಳ್ಳುತ್ತದೆ ಎಂಬುದೆಲ್ಲ ಅವರಿಗೆ ಕೈವಶ. ನಿಮ್ಮ ಪರೀಕ್ಷಾ ನಳಿಕೆಯಲ್ಲಿ ನಡೆಯುವುದೂ ಅದೇ. ಏಪ್ರಿಲ್–ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ದ್ರಾವಕ ತೆರೆದಿಟ್ಟರೆ ಬೇಗ ಆರಿ ಪುಡಿ ಮಾತ್ರ ಉಳಿಯುತ್ತದೆ. ನಳಿಕೆಯ ಬಾಯಿಗೆ ಹಾಳೆ ಕಟ್ಟಿ, ಸೂಜಿಯಿಂದ ಒಂದೆರಡು ತೂತು ಮಾಡಿ, ಅಲುಗಾಡದ ತಂಪು ಜಾಗದಲ್ಲಿಡಿ. ದಿನಕ್ಕೆ ನಾಲ್ಕು ಸಲ ಎತ್ತಿ ನೋಡಬೇಡಿ.

3. ಯಂತ್ರವಿಲ್ಲವೆಂದು ಕೂರಬೇಡಿ, ಜೊತೆಗಾರರನ್ನು ಹುಡುಕಿ.
ಮೈಸೂರು ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಪ್ರೊ. ಎಚ್.ಎಸ್. ಯತಿರಾಜನ್ ಅವರ ಹೆಸರು ನೂರಾರು ಹರಳು ರಚನೆಗಳ ಪ್ರಬಂಧಗಳ ಮೇಲಿದೆ. ಔಷಧಗಳ ಲವಣಗಳು, ಚಾಲ್ಕೋನ್‌ಗಳು, ಪೈಪರಜೀನ್‌ಗಳು ಹೀಗೆ ಸಾಲುಸಾಲು. ಈ ಕೆಲಸದ ಬಹುಭಾಗ ಜೊತೆಗಾರಿಕೆಯ ಫಲ. ಸಂಯುಕ್ತ ಮಾನಸಗಂಗೋತ್ರಿಯದು, ಎಷ್ಟೋ ಸಲ ಎಕ್ಸ್‌ರೇ ಅಳತೆ ಅಮೆರಿಕದ ಕೀನ್ ಸ್ಟೇಟ್ ಕಾಲೇಜಿನ ಜೆರ್ರಿ ಜಸಿನ್‌ಸ್ಕಿ ಅವರದು, ಇನ್ನು ಕೆಲವು ಕಡೆ ವಿಶ್ಲೇಷಣೆಯಲ್ಲಿ ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸ್‌ನ ಕ್ರಿಸ್ಟೋಫರ್ ಗ್ಲೈಡ್‌ವೆಲ್. ಮಂಗಳೂರು ವಿಶ್ವವಿದ್ಯಾಲಯದ ಬಿ. ನಾರಾಯಣ ಅವರೂ ಎಷ್ಟೋ ಪ್ರಬಂಧಗಳಲ್ಲಿ ಜೊತೆಗಿದ್ದಾರೆ.

ಕೀನ್ ಎಂಬ ಊರು ಜನಸಂಖ್ಯೆಯಲ್ಲಿ ನಮ್ಮ ಇಂಡಿಗಿಂತ ಚಿಕ್ಕದು. ಅಂಥ ಪಟ್ಟಣದ ಕಾಲೇಜಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅನುದಾನದಿಂದ ಎಕ್ಸ್‌ರೇ ಅಳತೆಯ ಡಿಫ್ರಾಕ್ಟೋಮೀಟರ್ ಯಂತ್ರ ಬಂತು, ಅದರಲ್ಲಿ ಮೈಸೂರಿನ ಹರಳುಗಳನ್ನು ಅಳೆದರು. ತಾಲ್ಲೂಕು ಕೇಂದ್ರದ ಕಾಲೇಜೆಂದರೆ ಪಾಠ ಹೇಳುವುದಕ್ಕಷ್ಟೇ ಎನ್ನುವವರ ಮುಂದೆ ನಾನು ಈ ಉದಾಹರಣೆಯನ್ನು ಇಡುತ್ತೇನೆ. ನಿಮಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರ ಹತ್ತಿರವಿದೆ. ದೇಶದ ಪ್ರಯೋಗಾಲಯಗಳ ಯಂತ್ರಗಳನ್ನು ಹೊರಗಿನವರೂ ಕಾಯ್ದಿರಿಸಲು ಐ-ಸ್ಟೆಮ್ ಜಾಲತಾಣವಿದೆ.

4. ಒಂದು ಪ್ರಶ್ನೆ ಹಿಡಿಯಿರಿ, ವರ್ಷಗಟ್ಟಲೆ ಬಿಡಬೇಡಿ.
ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೌತಮ್ ದೇಸಿರಾಜು ಈ ಕ್ಷೇತ್ರದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡವರಲ್ಲಿ ಒಬ್ಬರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಅಣುಗಳು ಹರಳಿನಲ್ಲಿ ಒಂದರ ಪಕ್ಕ ಒಂದು ಹೀಗೇ ಏಕೆ ಕೂರುತ್ತವೆ, ನಾವು ಬೇಕಾದಂತೆ ಕೂರಿಸಬಹುದೇ? 1989ರಲ್ಲಿ ಅದರ ಮೇಲೊಂದು ಪುಸ್ತಕ. 1995ರಲ್ಲಿ ಅಣುಗಳ ಕೂಡುವಿಕೆಯ ಮಾದರಿಗಳಿಗೆ ‘ಸಿಂಥಾನ್’ ಎಂಬ ಕಲ್ಪನೆ ಹೊಂದಿಸಿದ ಲೇಖನ. ಇಂಗಾಲಕ್ಕೆ ಅಂಟಿದ ಜಲಜನಕವೂ ಆಮ್ಲಜನಕವನ್ನು ಸೆಳೆಯಬಲ್ಲದು ಎಂಬ, ಎಷ್ಟೋ ಜನ ಒಪ್ಪದಿದ್ದ ಮಾತಿಗೆ ದಶಕಗಳ ಕಾಲ ಪುರಾವೆ ಕೂಡಿಸಿದರು. 2011ರಿಂದ 2014ರವರೆಗೆ ಅಂತರರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟದ ಅಧ್ಯಕ್ಷರಾಗಿದ್ದರು. ಅವರ ಈ ಸಂಶೋಧನೆಯ ಬಹುಪಾಲು ನಡೆದದ್ದು 2009ಕ್ಕೆ ಮುಂಚೆ, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ.

ನಿಮ್ಮ ಪ್ರಶ್ನೆ ನಿಮ್ಮ ಹೊಲದಿಂದಲೂ ಬರಬಹುದು. ದ್ರಾಕ್ಷಿ ತೋಟಕ್ಕೆ ಹೊಡೆಯುವ ಶಿಲೀಂಧ್ರನಾಶಕ ನೀರಿನಲ್ಲಿ ಎಷ್ಟು ಕರಗುತ್ತದೆ ಎಂಬುದಕ್ಕೂ ಹರಳಿನಲ್ಲಿ ಅದರ ಅಣುಗಳು ಎಷ್ಟು ಬಿಗಿಯಾಗಿ ಹೆಣೆದುಕೊಂಡಿವೆ ಎಂಬುದಕ್ಕೂ ನಂಟಿದೆ.

5. ಹತ್ತು ಚೂರು ಮಾಡಬೇಡಿ.
ಒಂದೇ ಜಾತಿಯ ಹತ್ತು ಸಂಯುಕ್ತಗಳಿದ್ದರೆ ಹೋಲಿಸಿ ಒಟ್ಟಿಗೆ ಬರೆಯಿರಿ. ಓದುವವನಿಗೆ ಬೇಕಾದದ್ದು ಹೋಲಿಕೆ. 2001ರಲ್ಲಿ ಶುರುವಾದ ‘ಆಕ್ಟಾ ಕ್ರಿಸ್ಟಲೋಗ್ರಾಫಿಕಾ–ಇ’ ಮೊದಲು ಒಂದೊಂದೇ ರಚನೆಯ ಪುಟ್ಟ ವರದಿಗಳಿಗೆ ಮೀಸಲಾಗಿತ್ತು. ಆಮೇಲೆ ಅದೇ ಪತ್ರಿಕೆ ಚರ್ಚೆಯುಳ್ಳ ಬರಹ ಕೇಳತೊಡಗಿ, ಬಿಡಿ ವರದಿಗಳಿಗೆ 2016ರಲ್ಲಿ ‘ಐಯುಸಿಆರ್‌ಡೇಟಾ’ ಹುಟ್ಟಿತು.

6. ಅಂಕಿ ತಿದ್ದಬೇಡಿ. ಎಂದಿಗೂ.
ಚೀನಾದ ಜಿಂಗ್‌ಗಾಂಗ್‌ಶಾನ್ ವಿಶ್ವವಿದ್ಯಾಲಯದ ಎರಡು ಗುಂಪುಗಳು ಪ್ರಕಟಿಸಿದ ಸುಮಾರು 70 ರಚನೆಗಳು ನಕಲಿ ಎಂದು ‘ಆಕ್ಟಾ–ಇ’ ಪತ್ರಿಕೆಯ ಸಂಪಾದಕರು 2010ರ ಆರಂಭದಲ್ಲಿ ಸಾರಿದರು. ಯಾರದೋ ನಿಜವಾದ ಅಳತೆಯನ್ನು ತೆಗೆದುಕೊಂಡು, ಒಂದು ಲೋಹದ ಪರಮಾಣುವಿನ ಜಾಗದಲ್ಲಿ ಇನ್ನೊಂದರ ಹೆಸರಿಟ್ಟು ಹೊಸದೆಂದು ಕೊಟ್ಟಿದ್ದರು. ಹರಳಿನ ಅಳತೆ ಸುಳ್ಳು ಹೇಳಿದವರನ್ನು ಬಿಡುವುದಿಲ್ಲ. ಪರಮಾಣುಗಳ ಕಂಪನದ ಪ್ರಮಾಣ ಹೊಂದದೆ ಹೋಗುತ್ತದೆ, ‘ಚೆಕ್‌ಸಿಫ್’ ಎಂಬ ತಪಾಸಣೆ ಅದನ್ನು ಎತ್ತಿ ತೋರಿಸುತ್ತದೆ. ಆ ಎಚ್ಚರಿಕೆಗಳನ್ನು ಮುಚ್ಚಿಡದೆ ಒಂದೊಂದಕ್ಕೂ ಕಾರಣ ಬರೆಯಿರಿ. ಪದವಿ, ಬಡ್ತಿ, ಪಟ್ಟಿ ಯಾವುದಕ್ಕೂ ಈ ಬೆಲೆ ಕೊಡಬಾರದು.

7. ಬೇರೆಯವರ ಕೈಗೆ ಸಾಧನ ಕೊಡಿ.
ಜರ್ಮನಿಯ ಗೋಟಿಂಗನ್‌ನ ಜಾರ್ಜ್ ಶೆಲ್ಡ್ರಿಕ್ ಹರಳು ರಚನೆ ಬಿಡಿಸುವ ‘ಶೆಲ್‌ಎಕ್ಸ್’ ತಂತ್ರಾಂಶ ಬರೆದರು. ಅದರ ಚರಿತ್ರೆ ಹೇಳುವ ಅವರ 2008ರ ಲೇಖನವನ್ನು, ಆ ತಂತ್ರಾಂಶ ಬಳಸಿದ ಲೆಕ್ಕವಿಲ್ಲದಷ್ಟು ಜನ ಉಲ್ಲೇಖಿಸಿದರು. ಆ ಒಂದೇ ಲೇಖನದಿಂದ ‘ಆಕ್ಟಾ–ಎ’ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಸುಮಾರು 2ರಿಂದ 2009ರಲ್ಲಿ ಸುಮಾರು 50ಕ್ಕೆ ಹಾರಿತು. 2011ರಲ್ಲಿ ಮತ್ತೆ 2ರ ಆಸುಪಾಸಿಗೆ ಇಳಿಯಿತು. ಪತ್ರಿಕೆಯ ಅಂಕ ನೋಡಿ ಅದರಲ್ಲಿ ಬರೆದವರನ್ನು ಅಳೆಯುವುದು ಎಷ್ಟು ತಪ್ಪು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬೆಂಗಳೂರಿನಲ್ಲೂ ದಶಕಗಳ ಕಾಲ ಕೆಲಸ ಮಾಡಿದ ಜಿ.ಎನ್. ರಾಮಚಂದ್ರನ್ ಅವರ 1963ರ ನಕ್ಷೆಯನ್ನು ಇಂದಿಗೂ ಪ್ರೋಟೀನ್ ರಚನೆ ಸರಿಯೇ ಎಂದು ನೋಡಲು ಬಳಸುತ್ತಾರೆ. ನೀವು ಕೊಡುವುದು ಅಷ್ಟು ದೊಡ್ಡದಾಗಬೇಕಿಲ್ಲ. ಒಂದು ಸುಲಭ ತಯಾರಿ ವಿಧಾನವನ್ನು ಇನ್ನೊಬ್ಬರು ಹಾಗೇ ಮಾಡಿ ಗೆಲ್ಲುವಷ್ಟು ವಿವರವಾಗಿ ಬರೆದರೂ ಆಯಿತು.

8. ಹೆಸರು ಒಂದೇ ರೀತಿ ಬರೆಯಿರಿ, ಆರ್ಕಿಡ್ ಸಂಖ್ಯೆ ಪಡೆಯಿರಿ.
ನಮ್ಮ ಕಡೆ ಎಷ್ಟು ಪಾಟೀಲರು, ಬಿರಾದಾರರು, ಹಿರೇಮಠರು! ಒಮ್ಮೆ ಇನಿಷಿಯಲ್ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಊರಿನ ಹೆಸರು ಸೇರಿಸಿ ಬರೆದರೆ ನಿಮ್ಮ ಉಲ್ಲೇಖಗಳು ಇನ್ನೊಬ್ಬ ಎಸ್. ಪಾಟೀಲರ ಖಾತೆಗೆ ಹೋಗುತ್ತವೆ. ಸಂಶೋಧಕರನ್ನು ಗುರುತಿಸುವ 16 ಅಂಕಿಗಳ ಆರ್ಕಿಡ್ (ORCID) ಉಚಿತ. ಮದುವೆಯ ನಂತರ ಅಡ್ಡಹೆಸರು ಬದಲಾಗುವ ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ.

9. ನಿಧಾನಕ್ಕೆ ಹೆದರಬೇಡಿ.
ಬ್ರಿಟನ್ನಿನ ರಸಾಯನ ವಿಜ್ಞಾನಿ ಡೊರೊಥಿ ಹಾಡ್ಜ್‌ಕಿನ್ ಇನ್ಸುಲಿನ್ ಹರಳಿನ ಎಕ್ಸ್‌ರೇ ಚಿತ್ರ ತೆಗೆದದ್ದು 1935ರಲ್ಲಿ, ರಚನೆ ಬಿಡಿಸಿದ್ದು 1969ರಲ್ಲಿ. ಕೊನೆಗೆ ಬರಹ ಚಿಕ್ಕದಾದರೂ ಚಿಂತೆಯಿಲ್ಲ: ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎ. ವಿಶ್ವಮಿತ್ರ ಅವರು ಓಲ್ಗಾ ಕೆನಾರ್ಡ್, ಶೆಲ್ಡ್ರಿಕ್ ಮೊದಲಾದವರ ಜೊತೆ 1978ರಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದ ಡಿಎನ್‌ಎ ತುಣುಕಿನ ರಚನೆ ಎರಡೇ ಪುಟದ ಬರಹ. ಅದರ ಮೊದಲ ಹೆಸರು ವಿಶ್ವಮಿತ್ರ ಅವರದು.

10. ಓದು ಉಚಿತವಾಗಿದೆ, ಓದಿ.
‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ 2025ರಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳು ದೊರೆಯುವಂತಾಗಿದೆ. ನಿಮ್ಮ ಕಾಲೇಜು ನೋಂದಾಯಿಸಿದೆಯೇ ಎಂದು ಗ್ರಂಥಪಾಲಕರನ್ನು ಕೇಳಿ, ಇಲ್ಲದಿದ್ದರೆ ಪ್ರಾಂಶುಪಾಲರಿಗೆ ಅರ್ಜಿ ಕೊಡಿ.

11. ಡ್ರಾಯರಿನಲ್ಲಿರುವ ರಚನೆಯನ್ನು ಹೊರಗೆ ತನ್ನಿ.
ಓಲ್ಗಾ ಕೆನಾರ್ಡ್ 1965ರಲ್ಲಿ ಕೇಂಬ್ರಿಜ್‌ನಲ್ಲಿ ಕಟ್ಟಲು ಶುರುಮಾಡಿದ ಹರಳು ರಚನೆಗಳ ಭಂಡಾರ ‘ಸಿಎಸ್‌ಡಿ’ 2019ರಲ್ಲಿ 10 ಲಕ್ಷ ದಾಟಿತು. ಅದರ ಒಂದೊಂದು ರಚನೆಯನ್ನೂ ಯಾರು ಬೇಕಾದರೂ ಉಚಿತವಾಗಿ ತೆರೆದು ನೋಡಬಹುದು. ಪ್ರಬಂಧ ಬರೆಯುವಷ್ಟು ಸಾಮಗ್ರಿಯಿಲ್ಲದ, ಆದರೆ ಅಳತೆ ಸರಿಯಾಗಿರುವ ರಚನೆಯನ್ನು ‘ಸಿಎಸ್‌ಡಿ ಕಮ್ಯುನಿಕೇಶನ್’ ಆಗಿ ಅಲ್ಲಿ ಪ್ರಕಟಿಸಲು ಅವಕಾಶವಿದೆ. ಉಲ್ಲೇಖಿಸಲು ಬರುವ ಡಿಒಐ ಸಂಖ್ಯೆಯೂ ಸಿಗುತ್ತದೆ. ನಿಮ್ಮ ಮಾರ್ಗದರ್ಶಕರ ಕಂಪ್ಯೂಟರಿನಲ್ಲಿ ಹಳೆಯ ವಿದ್ಯಾರ್ಥಿಗಳು ಬಿಟ್ಟುಹೋದ ಅಂಥ ಕಡತಗಳಿದ್ದರೆ, ಅನುಮತಿ ಕೇಳಿ, ಬೆಳೆಸಿದವರ ಹೆಸರು ಮೊದಲಿಗೆ ಹಾಕಿ ಕಳಿಸಿ.